ಗಂಟೆ ಹೊತ್ತು ತಂದವರು

ಊಟದ ಗಂಟೆ ಆ ದಿನ ನಲವತ್ತು ನಿಮಿಷ ಮೊದಲೇ ಹೊಡೆಯಿತು.

ಭೂಮಿ ತಿರುಗುವುದು ನಿಂತಿದೆ ಎಂದರೆ ಚರ್ಚಿನ ಆ ಶಾಲೆಯಲ್ಲಿ ಯಾರಾದರೂ ನಂಬಿಯಾರು. ಗಂಟೆಯಣ್ಣ ಹೊತ್ತು ತಪ್ಪಿದ ಎಂದರೆ ನಂಬುವವರಿಲ್ಲ. ಅವನು ಹಗ್ಗ ಎಳೆದರೆ ಸುತ್ತಲಿನ ಏಳು ಬೀದಿಯ ಗಡಿಯಾರಗಳು ನಾಚಿಕೊಂಡು ಮುಳ್ಳು ಸರಿಮಾಡಿಕೊಳ್ಳುತ್ತಿದ್ದವು. ಹಾಗಾಗಿ ಎಂಟು ನೂರು ಮಕ್ಕಳು ಒಂದಿಷ್ಟೂ ಅನುಮಾನಪಡದೆ ಡಬ್ಬಿ ಹಿಡಿದು ಅಂಗಳಕ್ಕೆ ನುಗ್ಗಿದರು. ಗಣಿತದ ಟೀಚರು ತಮ್ಮ ಕೈಗಡಿಯಾರವನ್ನು ಎರಡು ಸಲ ಕುಟ್ಟಿ ನೋಡಿ, ಕೆಟ್ಟಿರುವುದು ಅದೇ ಎಂದು ತೀರ್ಮಾನಿಸಿ ತಾವೂ ಎದ್ದರು.

ಗಂಟೆಯಣ್ಣ ಮಾತ್ರ ಹಗ್ಗ ಹಿಡಿದುಕೊಂಡೇ ಮರದ ಕೆಳಗೆ ನೋಡುತ್ತಿದ್ದ. ಅಲ್ಲಿ ಕಲ್ಲುಮೇಸ್ತ್ರಿ ಒಂದು ಕರಿಕಲ್ಲನ್ನು ಮಲಗಿಸಿಕೊಂಡು ಅಕ್ಷರ ಕೆತ್ತುತ್ತಿದ್ದ. ನಾಳೆ ಶಾಲೆಗೆ ಅರವತ್ತು ತುಂಬುತ್ತದೆ, ಬಿಷಪ್ ಬಂದು ಆ ಕಲ್ಲಿನ ಪರದೆ ಸರಿಸುತ್ತಾರೆ. ಬೆಳಗಿನಿಂದ ಗಂಟೆಯಣ್ಣ ಕಲ್ಲಿನ ಹತ್ತಿರಕ್ಕೆ ಹನ್ನೊಂದು ಸಲ ಹೋಗಿ ಬಂದಿದ್ದ. ಒಮ್ಮೆ ನೀರು ಕೊಡುವ ನೆಪ, ಒಮ್ಮೆ ಕಾಗೆ ಓಡಿಸುವ ನೆಪ. ಅಲ್ಲಿ ಕಾಗೆಯೇ ಇರಲಿಲ್ಲ.

ಎಲ್ಲಕ್ಕೂ ಕಾರಣ ಅವನದೇ ಬಾಯಿ. ನಲವತ್ತನಾಲ್ಕು ವರ್ಷದ ಹಿಂದೆ, ಅವನು ಕೆಲಸಕ್ಕೆ ಸೇರಿದ ವಾರವೇ ಶಾಲೆ ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರು "ಈ ಗಂಟೆ ಎಲ್ಲಿಂದ ಬಂತಪ್ಪ?" ಎಂದು ಕೇಳಿದ್ದರು. "ನಮ್ಮ ಮೊದಲ ಫಾದರ್ ಹೊತ್ಕೊಂಡು ಬಂದ್ರು ಸಾರ್" ಎಂದುಬಿಟ್ಟ. ಇನ್‌ಸ್ಪೆಕ್ಟರ ಕಣ್ಣು ಅರಳಿತು. ಅಂದಿನಿಂದ ಆ ಕಥೆಗೆ ಅವನು ಮನೆಮಗುವಿಗಿಂತ ಹೆಚ್ಚು ಉಣಿಸಿ ಬೆಳೆಸಿದ. ಎರಡು ಮೈಲಿ ಏಳಾಯಿತು. ಮಧ್ಯೆ ಒಂದು ಹೊಳೆ ಹರಿಯಿತು, ಹೊಳೆಗೆ ಪ್ರವಾಹ ಬಂತು. ಮೂವತ್ತೆಂಟು ಕಿಲೋ ಗಂಟೆ ಆನೆಮರಿಯಷ್ಟು ತೂಗತೊಡಗಿತು. ತಿಂಗಳಿಗೊಮ್ಮೆ ಪಾಪನಿವೇದನೆಗೆ ಮಂಡಿಯೂರಿ "ಸುಳ್ಳು ಹೇಳಿದೆ ಫಾದರ್" ಎಂದು ತಪ್ಪದೆ ಒಪ್ಪಿಕೊಳ್ಳುತ್ತಿದ್ದ. ಹದಿನಾಲ್ಕು ಫಾದರ್‌ಗಳು ಬದಲಾದರು. ಯಾವ ಸುಳ್ಳು ಎಂದು ಒಬ್ಬರೂ ಕೇಳಲಿಲ್ಲ.

ನಿಜವಾಗಿ ಗಂಟೆ ಹೊತ್ತದ್ದು ಅವನ ಅಮ್ಮ. ಶಾಲೆಯ ಕಸ ಗುಡಿಸುವವಳು. ರೈಲ್ವೆ ನಿಲ್ದಾಣದಿಂದ ತಲೆಯ ಮೇಲೆ ಬಟ್ಟೆಯ ಸಿಂಬೆ ಇಟ್ಟು, ಒಂದೇ ಉಸಿರಿಗೆ ತಂದು ಇಳಿಸಿದ್ದಳು. ಆರು ವರ್ಷದ ಅವನು ಗಂಟೆಯ ನಾಲಗೆಯನ್ನು ಎದೆಗವಚಿಕೊಂಡು ಪಕ್ಕದಲ್ಲೇ ನಡೆದಿದ್ದ. ಇನ್‌ಸ್ಪೆಕ್ಟರು ಕೇಳಿದ ಗಳಿಗೆಯಲ್ಲಿ ಅವಳು ಅವರ ಬೆನ್ನ ಹಿಂದೆಯೇ ಬಗ್ಗಿ ಗುಡಿಸುತ್ತಿದ್ದಳು. ಹೊಸ ಅಂಗಿ ತೊಟ್ಟ ಮಗನಿಗೆ ಅತ್ತ ಬೆರಳು ತೋರಿಸಲು ನಾಚಿಕೆಯಾಗಿತ್ತು. ಅವಳು ಕೇಳಿಸಿಕೊಂಡಳು. ಸಾಯುವವರೆಗೂ ಆ ಮಾತು ಎತ್ತಲಿಲ್ಲ.

ಬಾಯಿಮಾತಿನ ಕಥೆಯನ್ನಾದರೆ ಇನ್ನೊಂದು ದಿನ ತಿದ್ದಬಹುದಿತ್ತು. ಕಲ್ಲಿಗೆ ಇಳಿದರೆ ಅಮ್ಮ ಹೋದಂತೆಯೇ.

"ಗಂಟೆಯಣ್ಣ!" ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಿರಬಿರನೆ ಬಂದರು. "ಏನಾಗಿದೆ ನಿಮಗೆ? ಊಟ ಹನ್ನೆರಡೂವರೆಗೆ, ಈಗಿನ್ನೂ ಹನ್ನೆರಡಕ್ಕೆ ಹತ್ತು ನಿಮಿಷ ಇದೆ!"

"ಸಿಸ್ಟರ್, ಆ ಕಲ್ಲು ನಿಲ್ಲಿಸಿ."

"ಯಾಕೆ?"

"ಫಾದರ್ ಹೊರಲಿಲ್ಲ. ಅವರಿಗೆ ಸೊಂಟನೋವು, ಚಾಕ್‌ಪೀಸ್ ಡಬ್ಬೀನೂ ಎತ್ತೋಕಾಗ್ತಿರಲಿಲ್ಲ. ಹೊತ್ತಿದ್ದು ನಮ್ಮಮ್ಮ."

ಸಿಸ್ಟರ್ ಗಂಟೆಕಟ್ಟೆಯ ಮೇಲೆ ಕುಳಿತೇಬಿಟ್ಟರು. "ಈ ಕಥೆ ಹಾಕಿ ಐನೂರು ನೆನಪಿನ ಪುಸ್ತಕ ಅಚ್ಚಾಗಿದೆ ಮಾರಾಯರೇ! ಬಿಷಪ್ ಭಾಷಣ ಬರ್ಕೊಂಡಿದ್ದಾರೆ. ಏಳನೇ ಕ್ಲಾಸಿನವರು ಒಂದು ತಿಂಗಳಿಂದ ನಾಟಕ ಕಲೀತಿದ್ದಾರೆ, ಅದರಲ್ಲಿ ಹುಲಿ ಬೇರೆ ಬರುತ್ತೆ!"

"ಹುಲಿ ಹೋದ ವರ್ಷ ಸೇರಿದ್ದು, ಸಿಸ್ಟರ್."

ಸಿಸ್ಟರ್‌ಗೆ ನಗು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ಇಷ್ಟು ವರ್ಷ ಸುಮ್ಮನಿದ್ದು ಇವತ್ತು ಹೇಳ್ತೀರಲ್ಲ! ಹಾಗಾದರೆ ಫಾದರ್ ಏನು ಮಾಡ್ತಿದ್ರು?"

"ಹಿಂದೆ ಕೊಡೆ ಹಿಡ್ಕೊಂಡು ಬಂದ್ರು. ತಮಗಲ್ಲ, ಅಮ್ಮನಿಗೆ. ತಾವು ಬಿಸಿಲಲ್ಲೇ ನಡೆದ್ರು." ಅವನು ಹಗ್ಗವನ್ನು ಗೂಟಕ್ಕೆ ಸುತ್ತಿದ. "ಅದನ್ನೂ ನಾನು ಯಾರಿಗೂ ಹೇಳಲಿಲ್ಲ."

ಉಳಿ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಸಿಸ್ಟರ್ ಎದ್ದು ನೇರ ಮರದ ಕೆಳಗೆ ನಡೆದರು. ಗಂಟೆಯಣ್ಣ ಹಿಂದೆ ಓಡಿದ.

"ಮೇಸ್ತ್ರಿ, ಎಲ್ಲಿಗೆ ಬಂತು?"

ಮೇಸ್ತ್ರಿ ಪುಡಿ ಊದಿದ. "'ಈ ಗಂಟೆಯನ್ನು ಏಳು ಮೈಲಿ ದೂರದಿಂದ ಹೊತ್ತು ತಂದವರು' ಅಲ್ಲೀತನಕ ಆಯ್ತು ಸಿಸ್ಟರ್. ಇನ್ನು ಫಾದರ್ ಹೆಸರೊಂದು."

"ಹೆಸರು ಬೇರೆ. ಪುಸ್ತಕಕ್ಕೆ ಒಂದು ಚೀಟಿ ಅಂಟಿಸೋಣ. ಬಿಷಪ್‌ಗೆ ನಾನೇ ಹೇಳ್ತೀನಿ." ಸಿಸ್ಟರ್ ತಿರುಗಿದರು. "ಏಳು ಮೈಲಿ ಆದ್ರೂ ನಿಜಾನಾ?"

"ಎರಡು..."

"ಅದನ್ನ ಕೆತ್ತಿ ಆಗೋಯ್ತು," ಎಂದ ಮೇಸ್ತ್ರಿ ಗಾಬರಿಯಿಂದ.

"ಇರಲಿ. ಅಷ್ಟು ಭಾರ ತಲೆ ಮೇಲಿದ್ರೆ ಎರಡೇ ಏಳಾಗುತ್ತೆ. ಗಂಟೆಯಣ್ಣ, ಅಮ್ಮನ ಹೆಸರು ಹೇಳಿ."

ಆ ಶಾಲೆಯಲ್ಲಿ ಅವಳು ಎಲ್ಲರಿಗೂ ಪೊರಕೆಯಮ್ಮ. ಹಾಜರಿ ಪುಸ್ತಕದಲ್ಲೂ ಹಾಗೆಯೇ ಬರೆದಿತ್ತು. ಹೊಳೆ, ಹುಲಿ, ಪ್ರವಾಹಗಳನ್ನು ಉಸಿರು ಬಿಡದೆ ದಾಟಿಸುತ್ತಿದ್ದ ನಾಲಗೆ ಈಗ ಅಂಗುಳಿಗೆ ಅಂಟಿಕೊಂಡಿತು. ಕೊನೆಗೆ ಹೇಳಿದ.

"ಜೋರಾಗಿ ಹೇಳಿ ಅಣ್ಣಾ. ಕಲ್ಲು ಇದು, ಆಮೇಲೆ ಅಳಿಸೋಕಾಗಲ್ಲ," ಎಂದ ಮೇಸ್ತ್ರಿ.

ಇನ್ನೊಮ್ಮೆ ಹೇಳಿದ. ಅಂಗಳದ ಆ ತುದಿಯಲ್ಲಿ ಡಬ್ಬಿ ಬಿಚ್ಚುತ್ತಿದ್ದ ಮಕ್ಕಳೂ ತಿರುಗಿ ನೋಡುವಷ್ಟು ಜೋರಾಗಿ.

ಮೇಸ್ತ್ರಿ ಸೀಮೆಸುಣ್ಣದಲ್ಲಿ ನಾಲ್ಕು ಅಕ್ಷರ ಬರೆದು ತಲೆ ಓರೆ ಮಾಡಿ ನೋಡಿದ. "ಫಾದರ್ ಹೆಸರಿಗೆ ಅಂತ ಬಿಟ್ಟ ಜಾಗ ದೊಡ್ಡದು. ದಪ್ಪಗೆ ಕೆತ್ತಬೇಕಾಗುತ್ತೆ." ಉಳಿ ಇಟ್ಟು ಒಂದು ಪೆಟ್ಟು ಹಾಕಿದ. ಕಲ್ಲು ಕುಲುಕಾಡಿತು. "ಈ ತುದಿ ಕೂರ್ತಿಲ್ಲ. ಅಡಿಗಿಡೋಕೆ ಮೆತ್ತಗಿರೋದು ಏನಾದ್ರೂ ಇದ್ಯಾ?"

ಗಂಟೆಯಣ್ಣ ಗಂಟೆಕೋಣೆಗೆ ಹೋದ. ಗೋಡೆಯ ಮೊಳೆಯಲ್ಲಿ, ಗಂಟೆ ಒರೆಸುವ ಬಟ್ಟೆ ಎಂದು ಅವನು ಎಲ್ಲರಿಗೂ ಹೇಳಿಕೊಂಡು ಬಂದಿದ್ದ ಹಳೆಯ ಸುತ್ತೊಂದು ತೂಗುತ್ತಿತ್ತು. ತಂದು, ಮಂಡಿಯೂರಿ, ಕಲ್ಲಿನ ಅಡಿಗೆ ಸರಿಸಿದ. ಅಮ್ಮನ ಸಿಂಬೆಯ ನಡುವಿನ ತಗ್ಗಿನಲ್ಲಿ ಕಲ್ಲಿನ ಮೂಲೆ ಸರಿಯಾಗಿ ಕುಳಿತಿತು.

ಮೇಸ್ತ್ರಿ ಕೈಯಿಂದ ಒತ್ತಿ ನೋಡಿದ. ಅಲುಗಲಿಲ್ಲ.