ಮುಚ್ಚಳ ಮುಚ್ಚಿದಾಗ

ಆ ಪುಟ್ಟ ದೀಪ ಮಿಟುಕುತ್ತಿಲ್ಲ, ಮಿಟುಕಬೇಕಿತ್ತು, ಲ್ಯಾಪ್‌ಟಾಪಿನ ಅಂಚಿನಲ್ಲಿ, ಉಸಿರಾಡುವ ಹಾಗೆ, ಹತ್ತುವುದು ಆರುವುದು ಮತ್ತೆ ಹತ್ತುವುದು, ಮಲಗಿದ್ದೇನೆ ಸತ್ತಿಲ್ಲ ಅನ್ನುವ ಹಾಗೆ — ಈಗ ಕಪ್ಪಗೆ, ಇರುವೆಯ ಕಣ್ಣಿನಷ್ಟು ಕಪ್ಪಗೆ, ಆಸ್ಪತ್ರೆ ಕಾರಿಡಾರಿನ ಕಬ್ಬಿಣದ ಬೆಂಚು ತೊಡೆಗೆ ತಣ್ಣಗೆ ತಾಗುತ್ತಿದೆ, ಗೋಡೆಯಲ್ಲಿ ಒಂದು ಪ್ಲಗ್ ಸಿಕ್ಕಿದ್ದೇ ಪುಣ್ಯ, ವೈರು ಸಿಕ್ಕಿಸಿ ಬಟನ್ ಒತ್ತಿ ಕಾದೆ, ಬಂತು, ಆದರೆ ಬರಬೇಕಾದ ಹಾಗೆ ಬರಲಿಲ್ಲ, ಮೊದಲು ಕಂಪನಿಯ ಗುರುತು ಬಂತು, ಆಮೇಲೆ ಸುತ್ತುವ ಚುಕ್ಕಿಗಳು, ಈಗಷ್ಟೇ ಹುಟ್ಟಿದವರ ಹಾಗೆ, ಹಿಂದಿನದೇನೂ ನೆನಪಿಲ್ಲದವರ ಹಾಗೆ, ನಿದ್ದೆಯಿಂದ ಎದ್ದ ಲ್ಯಾಪ್‌ಟಾಪ್ ಹೀಗೆ ಏಳುವುದಿಲ್ಲ, ಇದು ನಾನೇ ಹೇಳಿಕೊಡುವ ಪಾಠ, ಕೆಲಸ ಮುಗಿಸಿ ಸಂಜೆ ಕಂಪ್ಯೂಟರ್ ಕಲಿಯಲು ಬರುವವರ ಮುಂದೆ ಬೋರ್ಡಿನ ಮೇಲೆ ಕೋಳಿಯನ್ನೂ ಕರಡಿಯನ್ನೂ ಬರೆದು ನಗಿಸುತ್ತೇನೆ — ನೋಡಿ, ಸ್ಲೀಪ್ ಅಂದ್ರೆ ಕೋಳಿನಿದ್ದೆ, ತೆರೆದಿದ್ದನ್ನೆಲ್ಲ ಅಂಗೈಯಲ್ಲಿ ಹಿಡ್ಕೊಂಡೇ ಕಣ್ಣು ಮುಚ್ಚುತ್ತೆ, ಅದಕ್ಕೆ ಒಂಚೂರು ಕರೆಂಟು ಬೇಕೇ ಬೇಕು, ಹೈಬರ್ನೇಟ್ ಅಂದ್ರೆ ಕರಡಿ ಗುಹೆ ಸೇರಿದ ಹಾಗೆ, ಎಲ್ಲವನ್ನೂ ಡಿಸ್ಕಿಗೆ ಇಳಿಸಿಟ್ಟೇ ಮಲಗುತ್ತೆ, ಬ್ಯಾಟರಿ ಸತ್ತರೂ ಚಿಂತೆಯಿಲ್ಲ. ಟೈಲರ್ ಹೆಂಗಸು ಕೇಳಿದ್ದಳು, ಮೇಡಂ, ಕೋಳಿನಿದ್ದೇಲಿ ಇದ್ದಾಗ ಕರೆಂಟು ಪೂರ್ತಿ ಮುಗಿದುಹೋದ್ರೆ? ಅಂಗೈಲಿದ್ದಿದ್ದು ಚೆಲ್ಲಿಹೋಗುತ್ತೆ ಕಣ್ರೀ, ಅಂದೆ ನಾನು, ಎಷ್ಟು ಸಲೀಸಾಗಿ ಅಂದೆ. ಮತ್ತೆ ಮನೆಗೆ ಹೋಗಿ ನನ್ನ ಯಂತ್ರದಲ್ಲೇ ಆ ಕರಡಿಯನ್ನು ಓಡಿಸಿದೆ, ಡಿಸ್ಕ್ ತುಂಬಿತ್ತು, ಹೈಬರ್ನೇಟ್ ಸುಮ್ಮನೆ ಜಾಗ ತಿನ್ನುತ್ತೆ ಅಂತ ಒಂದೇ ಸಾಲಿನ ಕಮಾಂಡ್ ಬರೆದು ಕಿತ್ತು ಹಾಕಿದೆ, ಹೇಳೋದು ಆಚಾರ ತಿನ್ನೋದು ಬದನೆಕಾಯಿ, ಬ್ಯಾಟರಿ ಕೊನೆಯುಸಿರು ಎಳೆಯುವಾಗ ಇಳಿಸಿಡಲು ಅದಕ್ಕೆ ಗುಹೆಯೇ ಇರಲಿಲ್ಲ, ಚೀಲದೊಳಗೆ, ಅಣ್ಣನ ಮಂಚದ ಕೆಳಗೆ, ಅವನ ಚಪ್ಪಲಿಯ ಪಕ್ಕದಲ್ಲಿ, ಅಂಗೈ ಸಡಿಲಿಸಿತು, ಅದರ ತಪ್ಪೇನು.

ಅಂಗೈಯಲ್ಲಿ ಇದ್ದದ್ದು ಅಣ್ಣನ ದನಿ. ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು, ಕೂಗುತ್ತಿದ್ದವನು, ಅವನು ಆಲೂಗಡ್ಡೆ ಕೂಗಿದರೆ ಆಚೆ ಈರುಳ್ಳಿ ಸಾಲಿನವರು ತಿರುಗಿ ನೋಡಬೇಕು, ನಿಮಗೆ ಫೋನ್ ಯಾಕ್ರೀ, ಕಿಟಕಿ ತೆಗೆದು ಮಾತಾಡಿದ್ರೆ ಸಾಕು ಅಂತ ಅತ್ತಿಗೆ ನಗುತ್ತಿದ್ದರು, ಸ್ಕೂಲಿನ ಗೇಟಿನಲ್ಲಿ ನಿಂತು ಏ ಗುಬ್ಬೀ, ಊಟದ ಡಬ್ಬಿ ಮರ್ತು ಬಂದಿದ್ದೀಯಲ್ಲೇ ಅಂದರೆ ಮೈದಾನವೆಲ್ಲ ನನ್ನನ್ನು ನೋಡುತ್ತಿತ್ತು, ನಾನು ನೆಲ ನೋಡುತ್ತಿದ್ದೆ, ನೆಲ ಬಾಯಿಬಿಡಲಿ ಅಂತ. ಆ ಗಂಟಲಿನಲ್ಲೇ ಗಡ್ಡೆ. ಧ್ವನಿಪೆಟ್ಟಿಗೆ ತೆಗೀಲೇಬೇಕು ಅಂದರು ಡಾಕ್ಟರು, ನಾನೂ ಅತ್ತಿಗೆಯೂ ಕಲ್ಲಾದೆವು, ಅವನು ಮಾತ್ರ — ತೆಗೀರಿ ಡಾಕ್ಟ್ರೇ, ಖಾಲಿ ಪೆಟ್ಟಿಗೆ ವಾಪಸ್ ಕೊಡ್ತೀರ ತಾನೆ, ಮಂಡೀಲಿ ಖಾಲಿ ಪೆಟ್ಟಿಗೆಗೂ ಗಿರಾಕಿ ಇದ್ದಾರೆ. ಆಮೇಲೆ ಆಟೋದಲ್ಲಿ, ನನ್ನ ಕಡೆ ತಿರುಗದೆ, ಗುಬ್ಬೀ, ನೀನು ಕಂಪ್ಯೂಟರ್ ಮೇಡಂ ಅಲ್ವೇನೇ, ಮಗಳಿಗೆ ಮಗು ಹುಟ್ಟೋ ಹೊತ್ತಿಗೆ ನನ್ನ ದನಿ ಇರಲ್ಲ, ನಿನ್ನ ಡಬ್ಬೀಲಿ ಒಂದಿಷ್ಟು ಹಿಡಿದಿಡು, ಮೊಬೈಲಲ್ಲಿ ಬೇಡ, ಅದ್ರಲ್ಲಿ ನಾನು ಹಲೋ ಮತ್ತೆ ಇಡ್ತೀನಿ ಎರಡೇ ಅನ್ನೋದು. ಹಿಡಿದಿಡ್ತೀನಿ ಅಣ್ಣ, ಎಲ್ಲೂ ಹೋಗಲ್ಲ ಅದು. ನಾಳೆ ಆಪರೇಷನ್ ಅನ್ನುವಾಗ ಇದೇ ರೂಮಿನಲ್ಲಿ ಮಂಚದ ಮೇಲೆ ಕಾಲು ಮಡಿಸಿ ಕೂತ, ನಾನು ತೊಡೆಯ ಮೇಲೆ ಇದನ್ನಿಟ್ಟುಕೊಂಡು ಕೆಂಪು ಚುಕ್ಕಿ ಒತ್ತಿದೆ, ಮೊದಮೊದಲು ಮೆಲ್ಲಗೆ, ಫೋಟೋಗೆ ಕೂತವನ ಹಾಗೆ, ಮಗೂ, ನಾನು ನಿನ್ನ ತಾತ ಅಂತ, ಆಮೇಲೆ ಗತ್ತು ಬಂತು, ಒಂದು ಕೈಯನ್ನು ಕಿವಿಗೆ ಹಚ್ಚಿದ, ಕಣ್ಣು ಮುಚ್ಚಿದ, ಕಿಟಕಿಯ ಗಾಜು ಅದುರುವ ಹಾಗೆ ಕೂಗತೊಡಗಿದ, ಸುಟ್ಟ ಗಂಟಲು, ಒಡೆದ ಗಂಟಲು, ಆದರೂ ಮಂಡಿಯ ಗಂಟಲು, ನರ್ಸು ಬಾಗಿಲಲ್ಲಿ ಇಣುಕಿದಳು, ಮತ್ತೆ ಎದುರು ಮಂಚದಲ್ಲಿ ಅವರಿದ್ದರು, ಪ್ರಿನ್ಸಿಪಾಲರು, ಯಾವುದೋ ದೊಡ್ಡ ಕಾಲೇಜಿನ ನಿವೃತ್ತ ಪ್ರಿನ್ಸಿಪಾಲರು, ಒಂದು ಕಿವಿಗೆ ಪಟ್ಟಿ, ತೊಡೆಯ ಮೇಲೆ ದಪ್ಪ ಪುಸ್ತಕ, ಅವತ್ತು ಬೆಳಿಗ್ಗೆಯಷ್ಟೇ ನನ್ನನ್ನು ಕೇಳಿದ್ದರು, ನೀವೇನು ಮಾಡ್ತೀರಮ್ಮಾ? ಪಾಠ ಮಾಡ್ತೀನಿ ಸರ್. ಹಾಗಾದ್ರೆ ನೀವೂ ನಮ್ಮ ಬಳಗದವರೇ ಅಂದಿದ್ದರು, ಅಷ್ಟಕ್ಕೇ ನಾನು ಉಬ್ಬಿದ್ದೆ, ಪೂರಿಯ ಹಾಗೆ ಉಬ್ಬಿದ್ದೆ — ಈಗ ಅವರು ಸೂಪು ಕುಡಿಯುವುದನ್ನು ನಿಲ್ಲಿಸಿದ್ದಾರೆ, ಚಮಚ ಬಟ್ಟಲಿಗೂ ಬಾಯಿಗೂ ನಡುವೆ ನಿಂತಿದೆ, ನಮ್ಮನ್ನೇ ನೋಡುತ್ತಿದ್ದಾರೆ, ನನ್ನ ಕಿವಿ ಕಾದು ಕೆಂಡವಾಯಿತು. ಸಾಕಣ್ಣ, ಇದು ಆಸ್ಪತ್ರೆ, ಮಂಡಿ ಅಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ. ಟಪ್ ಅಂತ. ಅವನ ಬಾಯಿ ತೆರೆದೇ ಇತ್ತು, ಒಂದು ಮಾತಿನ ನಡುವೆ, ದುಂಡಗೆ, ಒಳಗೆ ನಾಲಗೆ ಇನ್ನೂ ಎತ್ತಿಕೊಂಡು. ಆಮೇಲೆ ಮುಚ್ಚಿಕೊಂಡ, ನಕ್ಕ, ಎಲ್ಲಾ ಬಂತಾ ಗುಬ್ಬೀ? ಬಂತು. ಇದೆಯಾ? ಇದೆ ಅಣ್ಣ.

ಇಲ್ಲ. ಎಲ್ಲ ಫೋಲ್ಡರಿನಲ್ಲೂ ಹುಡುಕಿದೆ, ತಾತ್ಕಾಲಿಕ ಕಡತಗಳು ಬೀಳುವ ಮೂಲೆಯಲ್ಲೂ, ಕಸದ ಬುಟ್ಟಿಯಲ್ಲೂ, ದನಿ ಹಿಡಿಯುವ ಆ ಪ್ರೋಗ್ರಾಮು ಹಳೇದು, ಸೇವ್ ಒತ್ತುವ ತನಕ ಏನನ್ನೂ ಬರೆದಿಡುವುದಿಲ್ಲ, ನಾನು ಸೇವ್ ಒತ್ತಲಿಲ್ಲ, ಸೇವ್ ಒತ್ತಲು ಮುಚ್ಚಳ ತೆರೆದಿರಬೇಕಿತ್ತು, ತೆರೆದಿದ್ದರೆ ಅವನು ಇನ್ನೂ ಕೂಗುತ್ತಿದ್ದ. ಮರುದಿನ ಆಪರೇಷನ್, ಹೊರಗೆ ಕಾಯುವುದು, ಔಷಧಿ ಅಂಗಡಿ, ಐಸಿಯು ಬಾಗಿಲು, ಹೀಗೇ ಒಂದು ವಾರ, ಯಾರಿಗೆ ನೆನಪಾಗುತ್ತೆ — ಇಲ್ಲ, ನೆನಪಾಗಿತ್ತು, ನಡುನಡುವೆ ನೆನಪಾಗಿತ್ತು, ಇರುತ್ತೆ ಬಿಡು, ನಿದ್ದೆಯಲ್ಲಿರುತ್ತೆ, ಎಬ್ಬಿಸಿದರಾಯಿತು ಅಂದುಕೊಂಡೆ. ಈಗ ಸೆಟ್ಟಿಂಗ್ಸ್ ತೆರೆದು ಕೂತಿದ್ದೇನೆ, ಕಳ್ಳ ಹೋದ ಮೇಲೆ ಬಾಗಿಲು ಹಾಕುವವಳ ಹಾಗೆ, ಮುಚ್ಚಳ ಮುಚ್ಚಿದಾಗ ಏನಾಗಬೇಕು, ಏನೂ ಬೇಡ, ನಿದ್ದೆ, ಬಂದ್, ಮೂರೇ ಆಯ್ಕೆ, ಕಿತ್ತು ಹಾಕಿದ್ದ ಕರಡಿಯ ಸಾಲನ್ನು, ಹೈಬರ್ನೇಟನ್ನು, ಮತ್ತೆ ತಂದೆ, ಗುರುತು ಹಾಕಿದೆ, ಸರಿಯಾಯಿತು, ಇನ್ನು ಮುಂದೆ ಏನೂ ಕಳೆಯುವುದಿಲ್ಲ, ಇನ್ನು ಮುಂದೆ ಕಳೆಯಲು ಏನಿದೆ. ಅಗೋ ಲಿಫ್ಟಿನ ಬಾಗಿಲು, ಅಣ್ಣನ ಮಗಳು, ಸೊಂಟದ ಮೇಲೆ ಕೈಯಿಟ್ಟು ಹೊಟ್ಟೆಯನ್ನು ಮುಂದಕ್ಕೆ ಹೊತ್ತು ಬರುತ್ತಿದ್ದಾಳೆ, ಬಸ್ಸು ಹತ್ತಬೇಡ ಅಂದರೂ ಕೇಳದೆ ಬಂದಿದ್ದಾಳೆ, ದೂರದಿಂದಲೇ ಅತ್ತೇ ಅಂತ, ಅಪ್ಪನದೇ ದನಿಯ ಚೂರು, ಕಾರಿಡಾರೆಲ್ಲ ಕೇಳುವ ಹಾಗೆ. ಏನು ಹೇಳಲಿ, ವೈರಸ್ ಬಂತು ಅನ್ನಲೇ, ಆಸ್ಪತ್ರೆಯ ಕರೆಂಟು ಸರಿಯಿಲ್ಲ ಅನ್ನಲೇ, ಇವೆಲ್ಲ ಅಭ್ಯಾಸ ಮಾಡದೆ ಬಂದವರು ನನಗೇ ಹೇಳುವ ಸುಳ್ಳುಗಳು, ಒಂದೊಂದನ್ನೂ ಹಿಡಿದು ನಾಲ್ಕು ಜನರ ಮುಂದೆ ನಗಾಡಿದ್ದೇನೆ. ಅತ್ತೆ, ಅಪ್ಪಂದು ಹಾಕಿ, ದಾರಿಯುದ್ದಕ್ಕೂ ಅದನ್ನೇ ನೆನೆಸ್ಕೊಂಡು ಬಂದೆ. ಚಾರ್ಜ್ ಆಗ್ತಿದೆ ಕಣೇ. ಆಗ್ಲಿ ಬಿಡಿ, ನಾನೆಲ್ಲಿ ಓಡಿಹೋಗ್ತೀನಿ, ಈ ಹೊಟ್ಟೆ ಹೊತ್ಕೊಂಡು. ನಕ್ಕಳು, ನಾನೂ ನಕ್ಕೆ, ಆ ನಗು ಮುಖದ ಮೇಲೆ ಹಾಗೇ ಒಣಗಿತು.

ರೂಮಿನಲ್ಲಿ ಅಣ್ಣ ದಿಂಬಿಗೊರಗಿ ಕೂತಿದ್ದಾನೆ, ಕುತ್ತಿಗೆಯ ಬುಡದಲ್ಲಿ ರಂಧ್ರ, ಅದರೊಳಗಿನ ಕೊಳವೆಯಿಂದ ಉಸಿರು ಸುಯ್ ಅನ್ನುತ್ತದೆ, ಇನ್ನು ಬಾಯಿಗೆ ಗಾಳಿ ಬರುವುದೇ ಇಲ್ಲವಂತೆ, ಮಗಳ ತಲೆ ಸವರಿದ, ಹೊಟ್ಟೆಯ ಮೇಲೆ ಅಂಗೈಯಿಟ್ಟ, ಮತ್ತೆ ನನ್ನ ಕಡೆ ತಿರುಗಿ ತೋರುಬೆರಳನ್ನು ಗಾಳಿಯಲ್ಲಿ ಸುತ್ತಿದ, ಹಾಕು ಹಾಕು, ಹರಾಜು ಶುರುಮಾಡಿ ಅನ್ನುವಾಗ ಮಂಡಿಯಲ್ಲಿ ಮಾಡುವ ಅದೇ ಸನ್ನೆ, ಮುಖ ಹಬ್ಬದ ಹಾಗೆ. ನನ್ನ ಕೈಯಲ್ಲಿ ಲ್ಯಾಪ್‌ಟಾಪು ಚಪ್ಪಡಿ ಕಲ್ಲಾಗಿದೆ. ಇಲ್ಲ ಅಣ್ಣ. ಏನಿಲ್ಲ ಅತ್ತೆ? ಇಲ್ಲ ಕಣೇ, ಹೋಯ್ತು, ಸೇವ್ ಮಾಡಿರ್ಲಿಲ್ಲ, ಮುಚ್ಚಿಬಿಟ್ಟೆ, ಅವನು ಕೂಗ್ತಿರೋವಾಗ್ಲೇ ಮುಚ್ಚಿದೆ, ನಂಗೆ ನಾಚಿಕೆ ಆಯ್ತು. ಬ್ಯಾಟರಿ ವಿಷಯ ಹೇಳಬೇಕೆಂದಿದ್ದೆ, ಕೋಳಿ ಕರಡಿ ಎಲ್ಲ ಹೇಳಬೇಕೆಂದಿದ್ದೆ, ಬಾಯಿಂದ ಬಂದದ್ದು ನಾಚಿಕೆ ಅನ್ನುವ ಮಾತು. ಬೆರಳು ಸುತ್ತುವುದು ನಿಂತಿತು. ಅವನು ಬೈಯಬೇಕಿತ್ತು, ಬೈಯಲು ಅವನಲ್ಲಿ ಏನಿದೆ, ಕಿಟಕಿಯ ಕಡೆ ನೋಡಿದ, ಅಷ್ಟೇ, ಕೊಳವೆ ಮಾತ್ರ ಸುಯ್ ಸುಯ್. ಅಣ್ಣನ ಮಗಳು ತಗ್ಗಿದ ದನಿಯಲ್ಲಿ, ಹೋಗ್ಲಿ ಅತ್ತೆ, ಅಪ್ಪ ಏನಂದ್ರು ಅಂತನಾದ್ರೂ ಹೇಳಿ, ನೀವು ಪಕ್ಕದಲ್ಲೇ ಇದ್ರಲ್ಲ. ಹೌದು, ಪಕ್ಕದಲ್ಲೇ ಇದ್ದೆ, ಅವನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು, ಹೇಳು, ಮಗೂ ನಾನು ನಿನ್ನ ತಾತ, ಆಮೇಲೆ, ಆಮೇಲೆ ಚಮಚ, ಇಲ್ಲ, ಅದಕ್ಕೆ ಮುಂಚೆ ಏನೋ ಇದೆ, ಕೈಯನ್ನು ಕಿವಿಗೆ ಹಚ್ಚಿದ, ಕಣ್ಣು ಮುಚ್ಚಿದ, ಕೂಗಿದ, ಏನಂತ ಕೂಗಿದ — ಚಮಚ, ಅದರ ತುದಿಯಲ್ಲಿ ತೂಗುತ್ತಿದ್ದ ಸೂಪಿನ ಹನಿ, ಪುಸ್ತಕದ ರಟ್ಟಿನ ಬಣ್ಣವೂ ನೆನಪಿದೆ, ನರ್ಸಿನ ಹುಬ್ಬು ನೆನಪಿದೆ, ಅಣ್ಣನ ಒಂದು ಪದವೂ ಇಲ್ಲ, ನಾನು ಕೇಳಿಸಿಕೊಳ್ಳಲೇ ಇಲ್ಲ, ಬೇರೆಯವರ ಮುಖ ನೋಡುತ್ತಿದ್ದೆ. ಗೊತ್ತಿಲ್ಲ ಕಣೇ, ಅಂದೆ.

ನನಗೆ ಗೊತ್ತು, ಅಂದರು ಎದುರು ಮಂಚದವರು. ಪ್ರಿನ್ಸಿಪಾಲರು ಪುಸ್ತಕ ಮಡಚಿಟ್ಟು ಪಟ್ಟಿಯಿಲ್ಲದ ಕಿವಿಯನ್ನು ನಮ್ಮ ಕಡೆ ತಿರುಗಿಸಿ ಕೂತಿದ್ದಾರೆ, ತಪ್ಪು ತಿಳೀಬೇಡಿ, ಕೇಳಬಾರದಿತ್ತೇನೋ, ಆದ್ರೆ ಅಷ್ಟು ಚೆನ್ನಾಗಿತ್ತು, ಊಟ ಮರೆತು ಕೇಳ್ತಾ ಇದ್ದೆ. ಊಟ ಮರೆತು. ನಾನು ಆ ನೋಟವನ್ನು ಅಸಹ್ಯ ಅಂದುಕೊಂಡಿದ್ದೆ. ಅಣ್ಣನ ಮಗಳು ಮೊಬೈಲ್ ತೆಗೆದು ಅವರ ಮುಂದೆ ಹಿಡಿದಳು, ಅವರು ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ಪಾಠ ಓದುವವರ ಹಾಗೆ ಒಂದೊಂದೇ ಪದ ಬಿಡಿಸಿ, ಬನ್ನಿ ಬನ್ನಿ ಯಜಮಾನರೇ, ಹೊಸ ಮಾಲು ಬರ್ತಾ ಇದೆ, ಬುಟ್ಟಿ ಇನ್ನೂ ಇಳಿದಿಲ್ಲ, ಇಂಥಾ ಮಾಲು ಈ ಮಂಡಿ ಕಂಡಿಲ್ಲ, ಕಣ್ಣು ಅಜ್ಜಿದು, ಮೂಗು ಯಾರ್ದೋ ಗೊತ್ತಿಲ್ಲ, ಗಂಟಲು ಮಾತ್ರ ನಂದು, ಯಾರು ಕೇಳ್ತೀರಾ, ಏನು ಕೇಳ್ತೀರಾ, ಒಂದು ಸಲ, ಎರಡು ಸಲ — ಇಲ್ಲ ಸ್ವಾಮಿ, ಕೊಡಲ್ಲ, ಹರಾಜು ರದ್ದು, ಈ ಮಾಲು ಮನೆಗೇ ಬೇಕು, ಎಲ್ಲಾ ನಡೀರಿ ಆಚೆ. ಅಣ್ಣನ ಭುಜ ಕುಣಿಯುತ್ತಿದೆ, ಸದ್ದಿಲ್ಲದ ನಗು, ಅಣ್ಣನ ಮಗಳು ನಗುತ್ತ ಅಳುತ್ತ ಮೂಗೊರೆಸಿಕೊಳ್ಳುತ್ತಿದ್ದಾಳೆ, ಬಂತು, ಪದಗಳಾದರೂ ಬಂದವು, ಬೇರೆಯವರ ದನಿಯ ಬಟ್ಟೆ ತೊಟ್ಟು. ಆಮೇಲೆ, ಅಂದರು ಪ್ರಿನ್ಸಿಪಾಲರು, ಇನ್ನೊಂದು ಶುರು ಮಾಡಿದ್ರು, ಇನ್ನು ನಮ್ಮ ಗುಬ್ಬಿ ವಿಷ್ಯ ಹೇಳ್ತೀನಿ ಕೇಳು ಮಗೂ, ನಮ್ಮ ಗುಬ್ಬಿ ಇದ್ದಾಳಲ್ಲ — ಅಂದ್ರು, ಅಷ್ಟೇ, ಅಷ್ಟರಲ್ಲಿ ನೀವು ಮುಚ್ಚಿದ್ರಿ. ಎಲ್ಲರೂ ನನ್ನನ್ನು ನೋಡಿದರು, ಆಮೇಲೆ ಅವನನ್ನು. ನಮ್ಮ ಗುಬ್ಬಿ ಇದ್ದಾಳಲ್ಲ, ಏನಣ್ಣ, ಏನನ್ನೋಕೆ ಹೊರಟಿದ್ದೆ? ಅಪ್ಪಾ, ಇದ್ರಲ್ಲಿ ಬರೀರಿ ಅಂತ ಮಗಳು ಮೊಬೈಲ್ ಚಾಚಿದಳು, ಅವನು ಅದನ್ನು ಪಕ್ಕಕ್ಕೆ ತಳ್ಳಿದ, ಬರೆಯುವ ಮಾತಲ್ಲ ಅನ್ನುವ ಹಾಗೆ, ಒಂದು ಕೈಯನ್ನು ಕಿವಿಗೆ ಹಚ್ಚಿದ, ಈ ಸಲ ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತ ಹೇಳತೊಡಗಿದ, ತುಟಿ ಕೂಡಿತು, ಬಿಚ್ಚಿತು, ನಾಲಗೆ ಎದ್ದಿತು, ನಾನು ಮುಂದಕ್ಕೆ ಬಾಗಿದೆ, ಇನ್ನೂ ಬಾಗಿದೆ, ಬೇರೆ ಯಾರ ಮುಖವನ್ನೂ ನೋಡಲಿಲ್ಲ, ಯಾವ ಅಕ್ಷರ ಅದು, ಪ-ವೋ ಬ-ವೋ, ಒಳ್ಳೆಯದೋ ಕೆಟ್ಟದ್ದೋ, ನಗಿಸಲೋ ಬೈಯಲೋ, ಕುತ್ತಿಗೆಯಿಂದ ಬರೀ ಗಾಳಿ, ಇನ್ನೊಂದ್ಸಲ ಅಣ್ಣ, ಅವನು ಮತ್ತೆ ಹೇಳಿದ, ಇನ್ನೂ ಅಗಲವಾಗಿ, ಇಡೀ ಮಂಡಿಗೆ ಕೇಳಿಸುವ ಹಾಗೆ, ಬಾಯಿ, ದುಂಡಗೆ, ತೆರೆದ ಬಾಯಿ, ಎತ್ತಿದ ನಾಲಗೆ, ತೆರೆದ ಬಾಯಿ —