ದೇವರಿಗೆ ಬಿಟ್ಟ ಕರು

ಧರ್ಮದ ವಿಷಯದಲ್ಲಿ ನಮ್ಮ ಯಜಮಾನರಿಗೆ ಗೊತ್ತಿಲ್ಲದ್ದು ಇಲ್ಲ. ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ಮೇಲೆ, ಊರಿಗಾಂ ಕಡೆಯ ನಮ್ಮ ಮನೆಯ ಹಿಂದಿನ ಬೀದಿಯಲ್ಲಿರುವ ಆಂಜನೇಯನ ಗುಡಿಯಲ್ಲಿ ಪ್ರತಿ ಶನಿವಾರ ಸಂಜೆ ಮಾತಾಡುತ್ತಿದ್ದರು. ಮೂವತ್ತು ಜನ ಸೇರುತ್ತಿದ್ದರು. ವಿಶ್ವನಾಥ್ ಸಾರ್ ಹೇಳಿದರೆ ಮುಗಿಯಿತು, ಅದೇ ಶಾಸ್ತ್ರ. ಮನೆಯಲ್ಲಿ ಕುಡಿದ ಲೋಟ ಎತ್ತಿಡಬೇಕೆಂದು ಯಾವ ಶಾಸ್ತ್ರವೂ ಅವರಿಗೆ ಹೇಳಿಲ್ಲ. ಇರಲಿ, ಅದು ಬೇರೆ ಮಾತು.

ಒಂದು ಶನಿವಾರ ದಾನದ ಬಗ್ಗೆ ಹೇಳಿ ಮುಗಿಸಿ ಹೊರಗೆ ಬಂದರೆ ಗುಡಿಯ ಬೇವಿನ ಮರಕ್ಕೆ ಒಂದು ಕರು ಕಟ್ಟಿತ್ತು. ಕಪ್ಪು ಬಿಳುಪಿನ ಸೀಮೆ ಕರು, ಗಂಡು, ಹುಟ್ಟಿ ವಾರವಾಗಿತ್ತೋ ಇಲ್ಲವೋ. ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಕನಕಾಂಬರದ ಮಾಲೆ. ಯಾರೋ ದೇವರಿಗೆ ಬಿಟ್ಟು ಹೋಗಿದ್ದರು. ಎಲ್ಲರೂ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಪೂಜಾರಿ ವೇಣುಗೋಪಾಲ್‌ಗೆ ಮಾತ್ರ ಪೇಚಾಟ. "ಗುಡಿಗೆ ಕೊಟ್ಟಿಗೆ ಎಲ್ಲಿದೆ ಸಾರ್? ನಾನು ಬೀಗ ಆಕ್ಕೊಂಡು ಚಾಂಪಿಯನ್ ರೀಫ್ಸ್‌ಗೆ ಮನೆಗೆ ಓಗ್ಬೇಕು. ಯಾರ್ದು ಅಂತ ವಿಚಾರ್ಸಿ ವಾಪಸ್ ಕೊಟ್ಬಿಡೋಣ್ವಾ?"

"ದೇವರಿಗೆ ಅರ್ಪಿಸಿದ್ದನ್ನ ವಾಪಸ್ ತಗೊಳ್ಳೋ ಹಾಗಿಲ್ಲ. ಕೊಟ್ಟವರಿಗೂ ದೋಷ, ತಗೊಂಡವರಿಗೂ ದೋಷ. ಇಷ್ಟು ಜನ ಇದ್ದೀವಿ, ಸರದಿ ಹಾಕ್ಕೊಂಡು ನೋಡ್ಕೊಳ್ಳೋಣ," ಎಂದರು ಯಜಮಾನರು. ಎಲ್ಲರೂ ತಲೆಯಾಡಿಸಿದರು.

ಸರದಿಯೇನೋ ಚೆನ್ನಾಗಿ ನಡೆಯಿತು. ಒಬ್ಬರು ಪೊಂಗಲ್ ತಂದರು, ಒಬ್ಬರು ಬಾಳೆಹಣ್ಣು, ಇನ್ನೊಬ್ಬರು ನೆನೆಸಿದ ಅಕ್ಕಿಗೆ ಬೆಲ್ಲ ಕಲಸಿ ತಂದರು. ಬಾಯಿಗೆ ತುರುಕಿ ಕೈಮುಗಿದು ಹೋದರು. ವಾರದ ಕರುವಿಗೆ ಬೇಕಾದದ್ದು ಹಾಲು ಎಂದು ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಂಗಳವಾರದ ಹೊತ್ತಿಗೆ ಭೇದಿ ಹಿಡಿಯಿತು. ಅದನ್ನು ತೊಳೆಯುವ ಸರದಿ ಯಾರಿಗೂ ಇರಲಿಲ್ಲ; ವೇಣುಗೋಪಾಲ್ ಬೈದುಕೊಂಡು ತಾನೇ ತೊಳೆದ.

ನಮ್ಮ ಮನೆಗೆ ಹಾಲು ಹಾಕುವವಳು ಮುನಿನಾರಾಯಣಮ್ಮ. ಬಂಗಾರಪೇಟೆ ರಸ್ತೆಯ ಹಳ್ಳಿಯಿಂದ ಬೆಳಿಗ್ಗೆ ಮೊಪೆಡ್ಡಿನಲ್ಲಿ ಕ್ಯಾನು ಕಟ್ಟಿಕೊಂಡು ಬರುತ್ತಾಳೆ. ಹಿಂದಿನ ವಾರ ಹಸು ಈದಿದೆ ಎಂದು ಗಿಣ್ಣದ ಹಾಲು ತಂದುಕೊಟ್ಟಿದ್ದಳು. ಕರು ಎಂಥದ್ದು ಎಂದು ಕೇಳಿದ್ದಕ್ಕೆ "ಗಂಡು" ಎಂದು ಮುಖ ತಿರುಗಿಸಿದ್ದು ನನಗೆ ನೆನಪಾಯಿತು. ಬುಧವಾರ ಅವಳು ಬಂದಾಗ ನೇರವಾಗಿ ಕೇಳಿದೆ: ಗುಡಿಯಲ್ಲಿರುವುದು ನಿನ್ನ ಕರುವೇನು?

ಅವಳು ಸುಳ್ಳು ಹೇಳಲಿಲ್ಲ. "ಊ ಕಣಮ್ಮ. ಗಂಡು ಕರು ಸಾಕಿ ಏನ್ ಮಾಡ್ಲಿ? ಉಳಾಕೆ ಟ್ರ್ಯಾಕ್ಟರ್ ಬತ್ತದೆ. ಬೇರೆಯೋರು ರಸ್ತೆ ಪಕ್ಕ ಬಿಟ್ಟು ಬತ್ತಾರೆ. ನಂಗೆ ಮನ್ಸು ಬರ್ನಿಲ್ಲ. ಗುಡೀಲಾದ್ರೆ ಸಾರಂತೋರು ಅವ್ರೆ, ನೋಡ್ಕೊಂತಾರೆ ಅಂದ್ಕೊಂಡೆ."

"ಅದು ಸಾಯ್ತಾ ಇದೆ ಮುನಿನಾರಾಯಣಮ್ಮ. ತಾಯಿ ಹತ್ರ ಕರ್ಕೊಂಡು ಹೋಗು."

ಅವಳು ಕ್ಯಾನಿನ ಮುಚ್ಚಳ ಒತ್ತಿ ಮುಚ್ಚಿದಳು. "ಅಸ ಇನ್ನೂ ಕೂಗ್ತಾನೇ ಅದೆ. ಆದ್ರೆ ಅದೀಗ ದೇವ್ರದು. ಸಾರು ಒಂದ್ ಮಾತು ಏಳ್ಬಿಡ್ಲಿ, ಈಗ್ಲೇ ಗಾಡೀಲಿ ಆಕ್ಕೊಂಡು ಓಗ್ತೀನಿ. ಅವ್ರು ಏಳ್ದೆ ನಾನು ಮುಟ್ಟಾಕಿಲ್ಲ. ಮಕ್ಳು ಮರಿ ಇರೋಳು."

ಸಾರು ಒಳಗೆ ಪೇಪರು ಓದುತ್ತಿದ್ದರು. ಹೋಗಿ ಹೇಳಿದೆ. ನಮ್ಮವರು ಕಲ್ಲೆದೆಯವರಲ್ಲ, ಮುಖ ಬಾಡಿತು. ಆದರೂ "ಮೂವತ್ತು ಜನರ ಮುಂದೆ ಆಡಿದ ಮಾತು ಶ್ಯಾಮಲಾ, ಸುಮ್ಮನೆ ತಿರುಗಿಸೋಕೆ ಆಗಲ್ಲ. ಇದಕ್ಕೊಂದು ಪರಿಹಾರ ಇದ್ದೇ ಇರುತ್ತೆ, ನೋಡಿ ಹೇಳ್ತೀನಿ," ಎಂದು ಬೀರುವಿನಿಂದ ಪುಸ್ತಕಗಳನ್ನು ಇಳಿಸಿದರು.

ನನಗೆ ಮೈಯೆಲ್ಲ ಉರಿಯಿತು. "ಹಸಿದ ಕರುವಿಗೆ ಪುಸ್ತಕ ಯಾಕ್ರೀ?" ಎಂದೆ.

"ನಿನಗೆ ಅರ್ಥ ಆಗಲ್ಲ," ಎಂದರು.

ಬುಧವಾರ ಓದಿದರು, ಗುರುವಾರ ಓದಿದರು. ಶುಕ್ರವಾರ ಮೈಸೂರಿನ ಯಾರೋ ಪಂಡಿತರಿಗೆ ಫೋನು ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟರಲ್ಲಿ ವೇಣುಗೋಪಾಲ್ ದನದ ಡಾಕ್ಟರನ್ನು ಕರೆಸಿದ. ಅವರು ಇಂಜೆಕ್ಷನ್ ಕೊಟ್ಟು, ಹಾಲು ಬಿಟ್ಟು ಬೇರೇನೂ ಕೊಡಬೇಡಿ ಎಂದು ಬೈದು ಹೋದರು. ನಾನು ದಿನಕ್ಕೆರಡು ಸಲ ಹಾಲು ಬೆಚ್ಚಗೆ ಮಾಡಿಕೊಂಡು ಹೋಗುತ್ತಿದ್ದೆ. ಪಾತ್ರೆಯಿಂದ ಕುಡಿಯಲು ಅದಕ್ಕೆ ಬರುತ್ತಿರಲಿಲ್ಲ. ಬೆರಳು ಅದ್ದಿ ಕೊಟ್ಟರೆ ಗುರುವಾರ ಚೀಪಿತು, ಶುಕ್ರವಾರ ಚೀಪಲಿಲ್ಲ. ಮುನಿನಾರಾಯಣಮ್ಮ ದಿನವೂ ಹಾಲು ಅಳೆಯುತ್ತಾ "ಸಾರು ಏಳಿದ್ರಾ?" ಎಂದು ಕೇಳುವಳು. ಇನ್ನೂ ಇಲ್ಲ ಎನ್ನುತ್ತಿದ್ದೆ. ಅದೇ ಹಾಲಿನಲ್ಲಿ ಕಾಫಿ ಮಾಡಿ ಇಬ್ಬರೂ ಕುಡಿಯುತ್ತಿದ್ದೆವು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪುಸ್ತಕದ ನಡುವೆ ಬೆರಳಿಟ್ಟುಕೊಂಡೇ ಹೊರಗೆ ಬಂದರು. ಪರಿಹಾರ ಸಿಕ್ಕಿತ್ತು. ಕರುವಿನ ಬದಲಿಗೆ ದೇವರಿಗೆ ಹನ್ನೊಂದು ದಿನ ತುಪ್ಪದ ದೀಪ ಹಚ್ಚಿದರೆ ಸಾಕಂತೆ. ನಾನೂ ಚಪ್ಪಲಿ ಮೆಟ್ಟಿ ಹೊರಟೆ. ಗುಡಿಯ ಹತ್ತಿರ ಹೋದರೆ ವೇಣುಗೋಪಾಲ್ ಕರುವಿನ ಮೇಲೆ ಹಳೇ ಪಂಚೆ ಹೊದಿಸಿದ್ದ. "ಬೆಳಿಗ್ಗೆ ಬಂದಾಗ್ಲೇ ಇಂಗಿತ್ತು ಸಾರ್," ಎಂದ.

ಸಂಜೆ ಎಂದಿನಂತೆ ಮೂವತ್ತು ಜನ ಬಂದರು. ಮುನಿನಾರಾಯಣಮ್ಮ ಬರಲಿಲ್ಲ. "ಪುಣ್ಯವಂತ ಕರು, ದೇವರ ಸನ್ನಿಧಿಯಲ್ಲೇ ಪ್ರಾಣ ಬಿಟ್ಟಿತು," ಎಂದು ಯಾರೋ ಹೇಳಿದರು. ಹೌದು ಹೌದು ಎಂದು ಉಳಿದವರೂ ಕೈಮುಗಿದರು.

ಯಜಮಾನರು ಎದ್ದು ನಿಂತರು.

"ಪುಣ್ಯ ಅಲ್ಲ," ಎಂದರು. "ಅದು ಹಸಿದು ಸತ್ತಿದ್ದು. ತಗೊಂಡು ಹೋಗಮ್ಮ ಅಂತ ಬುಧವಾರ ನಾನು ಒಂದು ಮಾತು ಹೇಳಿದ್ದಿದ್ರೆ ಇವತ್ತು ತಾಯಿ ಹತ್ರ ಇರ್ತಿತ್ತು. ಇನ್ನು ಮೇಲೆ ನಾನು ಇಲ್ಲಿ ಮಾತಾಡಲ್ಲ."

ಮನೆಗೆ ಹೊರಟಾಗ ಪಕ್ಕದ ಬೀದಿಯ ಅಮ್ಮಾಜಮ್ಮ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು. "ತಪ್ಪು ಒಪ್ಕೊಳ್ಳಾಕೂ ಎದೆ ಬೇಕು ಕಣಮ್ಮ. ಎಂಥಾ ಧರ್ಮಾತ್ಮರು ನಿಮ್ಮನೆಯೋರು," ಎಂದಳು. ಹೌದು ಎಂದೆ.

ಮೂರು ದಿನ, ದಿನಕ್ಕೆರಡು ಸಲ, ಆ ಕರುವಿನ ಪಕ್ಕ ಕೂತವಳು ನಾನು. ಹಗ್ಗದ ಗಂಟು ಸಡಿಲವಾಗಿಯೇ ಇತ್ತು. ಬಿಚ್ಚಿ ಮುನಿನಾರಾಯಣಮ್ಮನ ಕೈಗೆ ಕೊಟ್ಟು, ದೋಷ ಬಂದರೆ ನನಗೆ ಬರಲಿ ಎಂದಿದ್ದರೆ ಅವಳು ಕರೆದುಕೊಂಡು ಹೋಗುತ್ತಿದ್ದಳು. ಅವರು ಹೇಳಲಿ ಎಂದು ನಾನೂ ಕಾದೆ. ಅವರಾದರೂ ಮೂವತ್ತು ಜನರ ಮುಂದೆ ಒಪ್ಪಿಕೊಂಡರು. ನಾನು ಅವರ ಮುಂದೆಯೂ ಒಪ್ಪಿಕೊಂಡಿಲ್ಲ.