ಬಿರುಕಿನ ಮೇಲಿನ ಗಾಜು

ಗಾಜು ಬಿಸಿಲಿಗೆ ಮಿನುಗುತ್ತಿದೆ, ಅಂದರೆ ಒಡೆದಿಲ್ಲ, ತಿರುಮಲೇಶ ಹಿತ್ತಿಲ ಮೆಟ್ಟಿಲಲ್ಲೇ ನಿಂತ, ಒಡೆದಿಲ್ಲ, ಮೂರಿಂಚಿನ ಗಾಜು, ಹೆಂಡತಿ ಸುಹಾಸಿನಿಯ ಲ್ಯಾಬಿನ ಸ್ಲೈಡು, ನವೆಂಬರಿನಲ್ಲಿ ಕಂಪನಿ ಕೆಲಸದಿಂದ ತೆಗೆದು ಮನೆಗೆ ಕಳಿಸಿದ ಮೂರನೆಯ ದಿನ ಅವನೇ ನೆಲದ ಬಿರುಕಿಗೆ ಅಡ್ಡಲಾಗಿ, ಎರಡು ತುದಿಗೂ ಅಂಟು ಹಾಕಿ ಕೂರಿಸಿದ್ದು — ಹಳೆಯ ಗರಾಜು ಬಿದ್ದುಹೋಗಿ ಉಳಿದ ಕಾಂಕ್ರೀಟು, ಅದರ ಮೇಲೆ ಕಲ್ಲುಬೆಂಚು ಬರಬೇಕು, ಆರು ಜನ ಕೂರುವಷ್ಟು, ಸುತ್ತ ಲೈಲಾಕ್ ಹೂಗಿಡ, ಡ್ಯಾಡ್, ನೋಬಡಿ ಸಿಟ್ಸ್ ಔಟ್‌ಸೈಡ್ ಹಿಯರ್ ಅಂದಳು ಮಾನ್ಯಾ, ಫೋನಿನಿಂದ ತಲೆ ಎತ್ತದೆ, ಇರಲಿ, ಮಿಶಿಗನ್ನಿನ ಚಳಿಗೆ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಅಡಿಪಾಯ ಅಲುಗಿದರೆ ಗಾಜು ಒಡೆಯುತ್ತದೆ, ಅಲುಗದಿದ್ದರೆ ಇಲ್ಲ, ಒಂದು ಚಳಿಗಾಲ ಸಾಕು, ಸರಳ ಪ್ರಯೋಗ. ಒಡೆದರೆ ಅರೋರಾಕ್ಕೆ ಹೋಗೋಣ, ಒಡೆಯದಿದ್ದರೆ ಇಲ್ಲೇ ಎಂದದ್ದೂ ಅವನೇ, ಫೆಬ್ರವರಿಯಲ್ಲಿ, ಅಲ್ಲಿನ ಆಸ್ಪತ್ರೆ ಸುಹಾಸಿನಿಯನ್ನು ಕೆಲಸಕ್ಕೆ ಕರೆದಾಗ, ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು, ಅಲ್ಲಾ, ನನ್ನ ಜಾಬನ್ನ ಒಂದು ಸ್ಲೈಡ್ ಡಿಸೈಡ್ ಮಾಡತ್ತಾ, ಆಮೇಲೆ ಒಗ್ಗರಣೆಯನ್ನು ಸಾರಿಗೆ ಸುರಿದು, ಸರಿ, ನಿಮಗೆ ಅದರಿಂದ ಧೈರ್ಯ ಬರೋದಾದ್ರೆ ಹಾಗೇ ಆಗ್ಲಿ, ಆದ್ರೆ ಏಪ್ರಿಲ್ ಹದಿನೇಳು ಮಧ್ಯಾಹ್ನದೊಳಗೆ ಅವರಿಗೆ ಹೇಳ್ಬೇಕು. ಇವತ್ತು ಹದಿನೇಳು. ಹನ್ನೊಂದೂವರೆ. ಇಲ್ಲಿದ್ದರೆ ಕಂಪನಿ ವಾಪಸ್ ಕರೆಯಬಹುದು, ಅಲ್ಲಿಗೆ ಹೋದರೆ ಅವನು ಯಾರು, ಬೆಳಿಗ್ಗೆ ಅವಳನ್ನು ಸ್ಟೇಷನ್ನಿಗೆ ಬಿಟ್ಟು ಬರುವವನು, ಅವನ ಜೊತೆಗೇ ಅದೇ ಶುಕ್ರವಾರ ಕೆಲಸ ಕಳೆದುಕೊಂಡ ಪಕ್ಕದ ಮನೆಯ ಗುರುಶಾಂತಪ್ಪನವರು ಬೇಲಿಯಾಚೆಯಿಂದ ಕೇಳಿದ್ದರು, ಏನಪಾ ತಿರುಮಲೇಶಾ, ಕಂಪನಿಯವ್ರು ಕರೀತಾರಂತ ಹಾದಿ ಕಾಯಾಕ ಕಟ್ಟಿ ಕಟ್ಟಾಕತ್ತೀಯೇನು, ಅವನು ನಕ್ಕಿದ್ದ, ನಗು ಬಂದಿರಲಿಲ್ಲ, ಏನೂ ಬಂದಿರಲಿಲ್ಲ, ಈಗಲೂ ಇಲ್ಲ, ಒಡೆದಿಲ್ಲ ಅಂದರೆ ಸಂತೋಷವಾಗಬೇಕಿತ್ತು. ಏನಾಯ್ತು, ಅಡುಗೆಮನೆಯ ಕಿಟಕಿಯಿಂದ ಅವಳು. ಒಡೆದಿಲ್ಲ, ಅಂದ. ಸರಿ, ಹಾಗಾದ್ರೆ ಬರಲ್ಲ ಅಂತ ಅವರಿಗೆ ಬರೀತೀನಿ, ಕುರ್ಚಿ ಎಳೆದ ಸದ್ದು. ಅವನು ಹತ್ತಿರ ಹೋದ, ಮಂಡಿಯೂರಿದ, ಅಭ್ಯಾಸಬಲದಿಂದ ಗಾಜಿನ ತುದಿಯ ಕೆಳಗೆ ಉಗುರು ತೂರಿಸಿದ, ಉಗುರು ಒಳಗೆ ಹೋಯಿತು. ಎಡತುದಿ ಹಿಡಿದಿದೆ, ಬಲತುದಿ ಬಿಟ್ಟಿದೆ, ಬಿರುಕು ಕಾಲಿಂಚು ತೆರೆದಿದೆ, ಅಡಿಪಾಯ ಅಲುಗಿದೆ, ಗಾಜು ಒಡೆಯಲಿಲ್ಲ, ಅಂಟು ಸೋತಿತು, ಅಷ್ಟೆ, ಐವತ್ತು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹಚ್ಚಬೇಡಿ ಎಂದು ಡಬ್ಬಿಯ ಮೇಲೇ ಇತ್ತು, ಅವತ್ತು ಮೂವತ್ತೆರಡು, ಹತ್ತೊಂಬತ್ತು ವರ್ಷ ಕಾರಿನ ಭಾಗಗಳ ಅಂಟನ್ನೇ ಎಳೆದು ಎಳೆದು ಅಳೆದವನು, ಧೂಳನ್ನೂ ಸರಿಯಾಗಿ ಉಜ್ಜಿರಲಿಲ್ಲ, ಮರೆತಿದ್ದನೋ, ಮರೆತಿದ್ದ, ಇರಬೇಕು — ಕಿಟಕಿಯೊಳಗೆ ಕೀಲಿಮಣೆಯ ಟಕಟಕ, ಅವಳು ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾಳೆ, ನಿಧಾನ, ಈಗ ಕೂಗಿದರೂ ಕೇಳಿಸುತ್ತದೆ, ಸುಹಾಸಿನಿ ಅಂತ ಒಂದು ಸಲ, ಟಕಟಕ, ಒಡೆದಿಲ್ಲ ಅಂದದ್ದು ಸುಳ್ಳಲ್ಲ, ಟಕ, ಬೆರಳಿನ ಕೆಳಗೆ ಗಾಜು, ಒಂದು ತುದಿ ಕಾಂಕ್ರೀಟಿಗೆ, ಇನ್ನೊಂದು ತುದಿ ಗಾಳಿಯಲ್ಲಿ, ಸದ್ದು ನಿಂತಿತು, ಗಾಜು, ಗೀರೂ ಇಲ್ಲದೆ, ಇಡಿಯಾಗಿ, ಒಂದು ತುದಿ ಗಾಳಿಯಲ್ಲಿ